ಅಕ್ಕ, ಮಾತ್ರೆಯ ಡಬ್ಬಿಯನ್ನು ಎಲ್ಲಿ ಬಚ್ಚಿಡಲಿ?

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಬೇರೆ ಇಟ್ಟುಕೊಂಡೆ. ಐದೂ ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿರುವ ತಾಯಂದಿರಿಗೆ ಸಂಬಂಧಿಸಿದವು. ಎರಡನ್ನು ತಾಯಂದಿರೇ ಬರೆದಿದ್ದಾರೆ, ಮೂರನ್ನು ಅವರ ಸುತ್ತಲಿನವರು. 2005ರಿಂದ ಹದಿನೇಳು ವರ್ಷ ದಾವಣಗೆರೆಯ ಸರ್ಕಾರಿ ಆಸ್ಪತ್ರೆಯೊಂದರ ಪರೀಕ್ಷಾ ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕಿಯಾಗಿದ್ದೆ. ಈ ಪತ್ರಗಳನ್ನು ಓದುವಾಗ ನನ್ನ ಮೇಜಿನ ಆಚೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದ ಎಷ್ಟೋ ಮುಖಗಳು ಎದುರಿಗೆ ಬಂದವು. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ.

ಪ್ರಶ್ನೆ: ನನಗೆ ಇಪ್ಪತ್ತನಾಲ್ಕು ವರ್ಷ. ಚೊಚ್ಚಲ ಬಸುರಿ, ಈಗ ಆರು ತಿಂಗಳು. ಮೂರನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿ ಎಚ್‌ಐವಿ ಇದೆ ಎಂದರು. ಆಮೇಲೆ ನನ್ನ ಗಂಡನಿಗೂ ಪರೀಕ್ಷೆಯಾಯಿತು, ಅವರಿಗೂ ಇದೆ. ಅವರು ಮೆಕ್ಕೆಜೋಳದ ಮಂಡಿಯಲ್ಲಿ ಹಮಾಲಿ ಮಾಡುತ್ತಾರೆ. ಮಾತ್ರೆಯ ಡಬ್ಬಿ ಮುಟ್ಟಿದರೆ ಗಲಗಲ ಎನ್ನುತ್ತದೆ. ಟ್ರಂಕಿನಲ್ಲಿಟ್ಟೆ, ಅಕ್ಕಿಯ ಡಬ್ಬದಲ್ಲಿಟ್ಟೆ, ಈಗ ಜೋಳದ ಚೀಲದ ಹಿಂದೆ ಇಟ್ಟಿದ್ದೇನೆ. ಅತ್ತೆ ಕೇಳಿದರೆ ರಕ್ತ ಹೆಚ್ಚುವ ಗುಳಿಗೆ ಎನ್ನುತ್ತೇನೆ. ಮುಂದಿನ ತಿಂಗಳು ಸೀಮಂತ ಮಾಡಿ ತವರಿಗೆ ಕಳುಹಿಸುತ್ತಾರೆ. ಅಲ್ಲಿ ಅವ್ವನ ಕಣ್ಣು ತಪ್ಪಿಸುವುದು ಹೇಗೆ? ಹುಟ್ಟುವ ಮಗುವಿಗೂ ಬರುತ್ತದೆಯೇ? ರಾತ್ರಿ ನಿದ್ದೆ ಇಲ್ಲ. ಕೆಲವು ದಿನ ಬೆಳಗಾಗುವುದೇ ಬೇಡ ಎನ್ನಿಸುತ್ತದೆ.
— ಹೆಸರು ಬೇಡ, ಜಗಳೂರು ತಾಲ್ಲೂಕು

ಉತ್ತರ: ತಂಗಿ, ನಿನ್ನ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ಬೆಳಗಾಗುವುದೇ ಬೇಡ ಎನ್ನಿಸಿದ ರಾತ್ರಿ 14416ಕ್ಕೆ ಕರೆ ಮಾಡು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಯಾವ ಹೊತ್ತಿನಲ್ಲಿ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಕಟ್ಟುವಂತಿಲ್ಲ. ಜೀವಕ್ಕೆ ಏನಾದರೂ ಮಾಡಿಕೊಳ್ಳಬೇಕೆಂಬ ಯೋಚನೆ ಬಂದರೆ ಗಂಡನನ್ನು ಎಬ್ಬಿಸು, ಬೆಳಗಾಗುತ್ತಲೇ ಆಸ್ಪತ್ರೆಗೆ ಹೋಗು. ನಿದ್ದೆ ಕೆಟ್ಟಿರುವುದನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಲೇಬೇಕು. ಬಸಿರಿನಲ್ಲೂ ಬಾಣಂತನದಲ್ಲೂ ಮನಸ್ಸು ಕುಸಿಯುವುದುಂಟು, ಅದಕ್ಕೆ ಔಷಧೋಪಚಾರವೂ ಉಂಟು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಈಗ ಮಗುವಿನ ಮಾತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬಸುರಿಯ ಕೈಗೆ ನೆವಿರಪಿನ್ ಎಂಬ ಒಂದೇ ಒಂದು ಮಾತ್ರೆ ಕೊಟ್ಟು, ನೋವು ಶುರುವಾದ ಕೂಡಲೇ ನುಂಗಿ ಎನ್ನುತ್ತಿದ್ದೆವು. ಮಗು ಹುಟ್ಟಿದ ಮೇಲೆ ಅದಕ್ಕೂ ಒಂದು ಸಲ ಹನಿ. ಅಷ್ಟೇ. ಆ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ತಾಳಿಯ ಸರಕ್ಕೆ ಕಟ್ಟಿಕೊಂಡು ಹೋದವಳೊಬ್ಬಳು ಇಂದಿಗೂ ನೆನಪಿದ್ದಾಳೆ. 2014ರ ಜನವರಿಯಿಂದ ನಮ್ಮ ದೇಶದಲ್ಲಿ ಎಲ್ಲ ಸೋಂಕಿತ ಬಸುರಿಯರಿಗೂ ಜೀವನಪೂರ್ತಿ ಎಆರ್‌ಟಿ, ಅಂದರೆ ವೈರಸ್ಸನ್ನು ಅಡಗಿಸಿಡುವ ಮಾತ್ರೆಗಳ ಚಿಕಿತ್ಸೆ, ಕೊಡಬೇಕೆಂದಾಯಿತು. ಏನೂ ಮಾಡದೆ ಬಿಟ್ಟರೆ ನೂರು ತಾಯಂದಿರಲ್ಲಿ ಹದಿನೈದರಿಂದ ನಲವತ್ತೈದು ಜನರ ಮಕ್ಕಳಿಗೆ ಸೋಂಕು ತಗಲುತ್ತದೆ. ಸರಿಯಾದ ಚಿಕಿತ್ಸೆ ನಡೆದರೆ ಅದು ಐದಕ್ಕಿಂತ ಕೆಳಗಿಳಿಯುತ್ತದೆ. ಮೂರನೇ ತಿಂಗಳಲ್ಲೇ ಗೊತ್ತಾದದ್ದು ನಿನ್ನ ಮಗುವಿನ ಪುಣ್ಯ ಎಂದೇ ನಾನು ಹೇಳುತ್ತೇನೆ. ಎಂಟನೇ ತಿಂಗಳ ಹೊತ್ತಿಗೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆ ಮಾಡುತ್ತಾರೆ. ತವರಿನಲ್ಲಿದ್ದೇನೆಂದು ಅದನ್ನು ತಪ್ಪಿಸಬೇಡ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ.

ಡಬ್ಬಿಯ ವಿಷಯ. ಇದನ್ನು ಸಣ್ಣದೆಂದು ತಿಳಿದು ಎಷ್ಟೋ ಜನ ದಾಟಿ ಹೋಗುತ್ತಾರೆ. ಗಲಗಲ ಎನ್ನುವ ಸದ್ದಿಗೆ ಹೆದರಿ ಮಾತ್ರೆ ಬಿಟ್ಟವರನ್ನು ನಾನು ನೋಡಿದ್ದೇನೆ. ಮೇಲೆ ಸ್ವಲ್ಪ ಹತ್ತಿ ತುರುಕಿದರೆ ಸದ್ದು ನಿಲ್ಲುತ್ತದೆ. ಮಾತ್ರೆಗಳನ್ನು ಬೇರೆ ಡಬ್ಬಕ್ಕೆ ಸುರಿಯಬೇಡ, ತೇವ ತಗಲುತ್ತದೆ. ಒಳಗಿರುವ ಪುಟ್ಟ ಪೊಟ್ಟಣ ತೇವ ಹೀರುವುದಕ್ಕೇ ಇಟ್ಟದ್ದು, ಎಸೆಯಬೇಡ. ಇನ್ನೊಂದು ಮಾತು. 'ರಕ್ತ ಹೆಚ್ಚುವ ಗುಳಿಗೆ' ಎಂದು ಹೇಳಿಕೊಂಡು ಕಬ್ಬಿಣಾಂಶದ ಮಾತ್ರೆಯ ಜೊತೆಗೇ ಬರಿಹೊಟ್ಟೆಯಲ್ಲಿ ಎರಡನ್ನೂ ನುಂಗುತ್ತಿದ್ದೀಯಾ? ಈಗ ಕೊಡುವ ಎಆರ್‌ಟಿ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧವನ್ನು ಕಬ್ಬಿಣಾಂಶವೂ ಕ್ಯಾಲ್ಸಿಯಮ್ಮೂ ಮೈಗೆ ಹತ್ತಲು ಬಿಡುವುದಿಲ್ಲ. ಊಟದ ಜೊತೆಗಾದರೆ ಒಟ್ಟಿಗೆ ತೆಗೆದುಕೊಳ್ಳಬಹುದು. ಇಲ್ಲವಾದರೆ ಎಆರ್‌ಟಿ ಮಾತ್ರೆಯನ್ನು ಎರಡು ಗಂಟೆ ಮೊದಲೇ ನುಂಗಬೇಕು.

ಡಬ್ಬಿಗೆ ಜಾಗ ಸಿಗುತ್ತದೆ ತಂಗಿ. ನಿನ್ನೊಳಗಿರುವ ಈ ಮಾತಿಗೆ ಜಾಗ ಎಲ್ಲಿ? ಊರಿಗೆಲ್ಲ ಹೇಳು ಎಂದು ನಾನು ಎಂದೂ ಯಾರಿಗೂ ಹೇಳಿದವಳಲ್ಲ. ಯಾರಿಗೂ ಹೇಳಬೇಡ ಎಂದೂ ಹೇಳಿಲ್ಲ. ಒಬ್ಬರಿಗೆ ಹೇಳು. ಗಂಡನಿಗೆ ಗೊತ್ತಿದೆ, ನಿಜ. ಆದರೆ ಅವನೂ ಇದೇ ನೀರಿನಲ್ಲಿ ಮುಳುಗುತ್ತಿರುವವನು. ದಡದ ಮೇಲೆ ನಿಂತಿರುವವರೊಬ್ಬರು ಬೇಕು. ಯಾರು ಎಂದು ಆರಿಸುವುದಕ್ಕೆ ನಾನು ಒಂದು ದಾರಿ ಹೇಳಿಕೊಡುತ್ತಿದ್ದೆ: ಇಷ್ಟು ವರ್ಷಗಳಲ್ಲಿ ಬೇರೆಯವರ ಗುಟ್ಟನ್ನು ನಿನ್ನ ಮುಂದೆ ಆಡದೇ ಇರುವವರು ಯಾರಿದ್ದಾರೆ ಎಂದು ನೆನಪು ಮಾಡಿಕೋ. ಅವ್ವನೇ ಆಗಿದ್ದರೆ ಒಳ್ಳೆಯದು, ಏಕೆಂದರೆ ಬಾಣಂತಿಯ ಕೋಣೆಗೆ ಹೊತ್ತು ಹೊತ್ತಿಗೂ ಬರುವವಳು ಅವಳೇ. ಮಗುವಿಗೆ ಕನಿಷ್ಠ ಆರು ವಾರ ಸಿರಪ್ ಹಾಕಬೇಕಾಗುತ್ತದೆ, ಅದನ್ನು ಅವಳಿಂದ ಬಚ್ಚಿಡುವುದು ಕಷ್ಟ. ಒಬ್ಬಳೇ ಹೇಳಲಾರೆ ಎನ್ನಿಸಿದರೆ ಅವಳನ್ನು ಆಪ್ತಸಮಾಲೋಚಕಿಯ ಬಳಿಗೆ ಕರೆದುಕೊಂಡು ಹೋಗು. ನೀನು ಒಪ್ಪಿದರೆ ಅವರು ನಿನ್ನ ಎದುರಿನಲ್ಲೇ ತಿಳಿಸಿ ಹೇಳುತ್ತಾರೆ. ಹಾಗೆ ಮಾಡಿದ ದಿನಗಳಲ್ಲಿ ತಾಯಂದಿರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ, 'ನನ್ನ ಮಗಳು ಉಳಿಯುತ್ತಾಳಾ?' ಉಳಿಯುತ್ತಾಳೆ ಎಂದು ನಾನು ಹೇಳುತ್ತಿದ್ದೆ.

ಊರಿನವರು ನೋಡಿಯಾರು ಎಂಬ ಹೆದರಿಕೆಯಿದ್ದರೆ ಮಾತ್ರೆಗೆ ದಾವಣಗೆರೆಗೇ ಬರಬೇಕೆಂದಿಲ್ಲ. ಚಿತ್ರದುರ್ಗದ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು. ತವರಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಲಿಂಕ್ ಎಆರ್‌ಟಿ, ಅಂದರೆ ದೊಡ್ಡ ಎಆರ್‌ಟಿ ಕೇಂದ್ರಕ್ಕೆ ಜೋಡಿಸಿದ ಮಾತ್ರೆ ಕೊಡುವ ಉಪಕೇಂದ್ರ, ಇದ್ದರೆ ಅಲ್ಲಿಂದಲೂ ಪಡೆಯಬಹುದು. ಸೀಮಂತಕ್ಕೆ ಮೊದಲೇ ಈ ಏರ್ಪಾಡು ಮುಗಿಸಿಕೋ.

ಪ್ರಶ್ನೆ: ನನ್ನ ಸೊಸೆಗೆ ಆ ಕಾಯಿಲೆ ಇದೆ ಎಂದು ಮಗ ಹೇಳಿದ. ಮಗನಿಗೂ ಇದೆಯಂತೆ. ಮೊಮ್ಮಗನಿಗೆ ಎರಡು ತಿಂಗಳು. ನಾನು ಸೊಸೆಯ ತಟ್ಟೆ, ಲೋಟ ಬೇರೆ ಇಟ್ಟೆ. ಒಲೆಯ ಹತ್ತಿರ ಬರಬೇಡ ಎಂದೆ. ಅವಳು ಒಂದು ಮಾತೂ ಆಡಲಿಲ್ಲ. ಈಗ ನನಗೇ ಊಟ ಸೇರುತ್ತಿಲ್ಲ. ನಾನು ತಪ್ಪು ಮಾಡಿದೆನೇ? ಮಗುವನ್ನು ಅವಳಿಂದ ದೂರ ಇಡಬೇಕೇ?
— ಒಬ್ಬ ಅಜ್ಜಿ, ಹರಿಹರ

ಉತ್ತರ: ಅಮ್ಮ, ತಪ್ಪಾಗಿದೆ. ಆದರೆ ಅದು ಇಂದೇ ಸರಿಯಾಗುವಂಥ ತಪ್ಪು. ಎಚ್‌ಐವಿ ತಟ್ಟೆಯಿಂದ, ಲೋಟದಿಂದ, ಅವಳು ಬೇಯಿಸಿದ ಮುದ್ದೆಯಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ, ಕೆಮ್ಮಿನಿಂದ, ಸೊಳ್ಳೆಯಿಂದ ಬರುವುದಿಲ್ಲ. ಇಂದು ರಾತ್ರಿ ಆ ತಟ್ಟೆಯನ್ನು ಉಳಿದ ತಟ್ಟೆಗಳ ಜೊತೆ ಸೇರಿಸಿಬಿಡಿ. ಕ್ಷಮೆ ಕೇಳುವುದಕ್ಕೆ ಬಾಯಿ ಬಾರದಿದ್ದರೆ ಕೇಳಬೇಡಿ. ಅವಳ ಪಕ್ಕದಲ್ಲಿ ಕುಳಿತು, ಅವಳ ಕೈಯಿಂದ ಬಡಿಸಿಕೊಂಡು ಉಣ್ಣಿ. ಅವಳಿಗೆ ಅರ್ಥವಾಗುತ್ತದೆ.

ಮೊಮ್ಮಗನನ್ನು ದೂರ ಇಡುವ ಮಾತೇ ಬೇಡ. ತಾಯಿ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲ ಆರು ತಿಂಗಳು ಎದೆಹಾಲನ್ನೇ ಕೊಡಬೇಕು, ಎದೆಹಾಲನ್ನು ಮಾತ್ರ ಕೊಡಬೇಕು. ಇಲ್ಲಿ ನಿಮ್ಮ ಕೆಲಸ ದೊಡ್ಡದು. ನಮ್ಮ ಕಡೆ ಕೂಸನ್ನು ನೋಡಲು ಬಂದವರೆಲ್ಲ ಒಂದೊಂದು ಹನಿ ಜೇನು ನೆಕ್ಕಿಸುತ್ತಾರೆ, ಬಜೆ ತೇಯ್ದು ಹಾಕುತ್ತಾರೆ, ಹಾಲು ಸಾಲದೆಂದು ಆಕಳ ಹಾಲು ಕುಡಿಸುತ್ತಾರೆ. ಎದೆಹಾಲಿನ ಜೊತೆ ಹೀಗೆ ಬೇರೆಯದನ್ನು ಬೆರೆಸಿದರೆ ಎಳೆಗರುಳಿಗೆ ಪೆಟ್ಟಾಗಿ ಸೋಂಕು ತಗಲುವ ಅಪಾಯ ಹೆಚ್ಚುತ್ತದೆ. ಸೊಸೆ ಬೇಡವೆಂದರೆ 'ಇವಳೇನು ಹೊಸ ಕಾಲದವಳು' ಎನ್ನುತ್ತಾರೆ. ನೀವು ಬೇಡವೆಂದರೆ ಬಂದವರು ಸುಮ್ಮನೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆ ಬಾಗಿಲು ಕಾಯುವುದು ನಿಮ್ಮಿಂದ ಮಾತ್ರ ಸಾಧ್ಯ. ಎದೆಯ ತೊಟ್ಟು ಒಡೆದರೆ, ಬಾವು ಬಂದರೆ ಮಾತ್ರ ಆಸ್ಪತ್ರೆಗೆ ತೋರಿಸಿ ಕೇಳಿ.

ಮಗುವಿನ ಹಿಮ್ಮಡಿಯಿಂದ ರಕ್ತದ ಹನಿಗಳನ್ನು ಕಾಗದದ ಮೇಲೆ ತೆಗೆದುಕೊಂಡು ಆರನೇ ವಾರಕ್ಕೆ ಒಂದು ಪರೀಕ್ಷೆ ಮಾಡಿರಬೇಕು. ಆಮೇಲೆ ಆರು ತಿಂಗಳಿಗೆ, ವರ್ಷಕ್ಕೆ, ಕೊನೆಯದಾಗಿ ಹದಿನೆಂಟು ತಿಂಗಳಿಗೆ. ಆ ಕಾಯುವ ದಿನಗಳು ತಾಯಿಗೆ ಬಹಳ ಭಾರ. ಪರೀಕ್ಷೆಗೆ ಹೋಗುವಾಗ ಅವಳ ಜೊತೆ ನೀವೂ ಹೋಗಿ.

ಮನೆಯಲ್ಲಿ ಯಾರಾದರೂ 'ಸೊಸೆಯಿಂದಲೇ ಬಂತು' ಎಂದರೆ ಬಾಯಿ ಮುಚ್ಚಿಸಿ. ಬಸುರಿಯರಿಗೆಲ್ಲ ಪರೀಕ್ಷೆ ಮಾಡುವುದರಿಂದ ಹೆಂಡತಿಯದು ಮೊದಲು ಗೊತ್ತಾಗುತ್ತದೆ. ಮೊದಲು ಗೊತ್ತಾದವಳೇ ತಂದವಳು ಎಂದು ಎಷ್ಟು ಮನೆಗಳು ತೀರ್ಪು ಕೊಟ್ಟದ್ದನ್ನು ಕಂಡಿದ್ದೇನೋ, ಇಂದಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಯಾರಿಂದ ಯಾರಿಗೆ ಬಂತು ಎಂದು ಆ ರಕ್ತ ಪರೀಕ್ಷೆ ಹೇಳುವುದಿಲ್ಲ. 2017ರಲ್ಲಿ ಬಂದು 2018ರ ಸೆಪ್ಟೆಂಬರ್ 10ರಿಂದ ಜಾರಿಯಾದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಸೋಂಕಿತರನ್ನು ವಾಸದ ಮನೆಯಿಂದಾಗಲೀ ಅದರ ಯಾವುದೇ ಭಾಗದಿಂದಾಗಲೀ ಹೊರಗಿಡುವಂತಿಲ್ಲ. ಅಡುಗೆಮನೆಯೂ ಮನೆಯ ಭಾಗವೇ ಅಲ್ಲವೇ ಅಮ್ಮ?

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನನ್ನ ವ್ಯಾಪ್ತಿಯಲ್ಲಿ ಒಬ್ಬ ಸೋಂಕಿತ ಬಾಣಂತಿ ಇದ್ದಾಳೆ. ಅವಳ ಮನೆಗೆ ಹೆಚ್ಚು ಸಲ ಹೋದರೆ ಅಕ್ಕಪಕ್ಕದವರಿಗೆ ಅನುಮಾನ, ಹೋಗದಿದ್ದರೆ ಅವಳ ಗತಿಯೇನು?
— ಹೊನ್ನಾಳಿ ತಾಲ್ಲೂಕು

ಉತ್ತರ: ಆ ಬೀದಿಯ ಎಲ್ಲ ಬಾಣಂತಿಯರ ಮನೆಗೂ ಹೋಗಿ, ಅವಳ ಮನೆ ನಡುವೆ ಬರಲಿ. ತೂಕದ ತಕ್ಕಡಿ, ಲಸಿಕೆಯ ಕಾರ್ಡು ಕೈಯಲ್ಲಿದ್ದರೆ ಯಾರೂ ಏಕೆಂದು ಕೇಳುವುದಿಲ್ಲ. ಫೋನಿನ ಬಗ್ಗೆ ಮಾತ್ರ ಎಚ್ಚರ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬಳು ಮಾತ್ರೆಗೆ ಬರಲಿಲ್ಲವೆಂದು ಅವಳು ಕೊಟ್ಟಿದ್ದ ನಂಬರಿಗೆ ಕರೆ ಮಾಡಿದೆ. ಮೈದುನ ಎತ್ತಿದ. 'ಆಸ್ಪತ್ರೆಯಿಂದ' ಎಂದುಬಿಟ್ಟೆ. ಯಾವ ಆಸ್ಪತ್ರೆ, ಯಾವ ವಿಭಾಗ, ಏಕೆ ಎಂದು ಅವನು ಅವಳನ್ನು ಹದಿನೈದು ದಿನ ಬಿಡದೆ ಕಾಡಿದನಂತೆ. ಮುಂದಿನ ಭೇಟಿಯಲ್ಲಿ ಅವಳು ನನ್ನನ್ನು ಬೈಯಲಿಲ್ಲ, ಸುಮ್ಮನೆ ನಂಬರನ್ನು ಹೊಡೆದುಹಾಕಿಸಿದಳು. ತಪ್ಪು ನನ್ನದೇ. ಅಂದಿನಿಂದ 'ಈ ಫೋನ್ ಯಾರ ಕೈಯಲ್ಲಿರುತ್ತದೆ, ಬೇರೆಯವರು ಎತ್ತಿದರೆ ನಾನು ಯಾರೆಂದು ಹೇಳಲಿ?' ಎಂದು ಕೇಳದೆ ಯಾರ ನಂಬರನ್ನೂ ಬರೆದುಕೊಂಡಿಲ್ಲ.

ಅವಳ ವಿಷಯ ನಿಮ್ಮ ಮನೆಯಲ್ಲೂ ಯಾರಿಗೂ ಗೊತ್ತಾಗಬಾರದು. ಗಂಡನಿಗೆ ಹೇಳಿದರೆ ಹೊಡೆಯುತ್ತಾನೆ, ಹೊರಗೆ ಹಾಕುತ್ತಾನೆ ಎಂಬ ಭಯ ಅವಳಿಗಿದ್ದರೆ ವೈದ್ಯರೂ ಅವನಿಗೆ ತಿಳಿಸುವಂತಿಲ್ಲ. ಆ ಕಾಯ್ದೆಯಲ್ಲೇ ಹಾಗೆಂದಿದೆ.

ಪ್ರಶ್ನೆ: ಗಂಡ ತೀರಿಕೊಂಡು ಒಂಬತ್ತು ವರ್ಷ. ಶೇಂಗಾ ಸುಲಿಯುವ ಕೂಲಿ ಮಾಡುತ್ತೇನೆ. ನನಗೂ ಹದಿಮೂರು ವರ್ಷದ ಮಗನಿಗೂ ಸೋಂಕಿದೆ. ಇಬ್ಬರೂ ಮಾತ್ರೆ ನುಂಗುತ್ತೇವೆ. ಅವನಿಗೆ ದಮ್ಮಿನ ಮಾತ್ರೆ ಎಂದು ಹೇಳಿದ್ದೇನೆ. 'ನನಗೆ ದಮ್ಮೇ ಬರುವುದಿಲ್ಲವಲ್ಲ, ನಿಲ್ಲಿಸುತ್ತೇನೆ' ಎನ್ನುತ್ತಿದ್ದಾನೆ. ನಿಜ ಹೇಳಿದರೆ ನನ್ನ ಮುಖ ನೋಡುತ್ತಾನೆಯೇ? ನಾನೇ ಕೊಟ್ಟ ಕಾಯಿಲೆ ಅದು.
— ಚಳ್ಳಕೆರೆ

ಉತ್ತರ: ಈ ಪತ್ರವನ್ನು ಮೂರು ಸಲ ಓದಿದೆ. 'ನಾನೇ ಕೊಟ್ಟ' ಎಂಬ ಮಾತನ್ನು ಮೊದಲು ತೆಗೆದುಹಾಕಿ. ನಿಮಗೆ ಗೊತ್ತೇ ಇಲ್ಲದದ್ದನ್ನು ನೀವು ಕೊಡುವುದು ಹೇಗೆ? ಗೊತ್ತಾದ ದಿನದಿಂದ ಶೇಂಗಾ ಸುಲಿದು ಸಾಕುತ್ತ, ಒಂದು ದಿನವೂ ತಪ್ಪದಂತೆ ಮಾತ್ರೆ ಕೊಡುತ್ತ ಬಂದಿದ್ದೀರಿ. ಅವನು ಹದಿಮೂರು ವರ್ಷದವನಾಗಿ ನಿಮ್ಮೊಡನೆ ವಾದ ಮಾಡುತ್ತಿರುವುದು ಆ ದುಡಿಮೆಯಿಂದ.

ಹೇಳಲೇಬೇಕು, ತಡಮಾಡದೆ ಹೇಳಬೇಕು. ಐದಾರು ವರ್ಷದ ಮಕ್ಕಳಿಗೆ 'ನಿನ್ನ ರಕ್ತದಲ್ಲಿ ಒಂದು ವೈರಸ್ ಇದೆ, ಈ ಮಾತ್ರೆ ಅದನ್ನು ಮಲಗಿಸಿಡುತ್ತದೆ, ಮಾತ್ರೆ ಬಿಟ್ಟರೆ ಅದು ಎದ್ದುಬಿಡುತ್ತದೆ' ಎಂದು ಶುರು ಮಾಡಿ, ಹತ್ತು ಹನ್ನೆರಡರ ಹೊತ್ತಿಗೆ ಹೆಸರನ್ನೂ ಹೇಳುವುದು ನಾವು ಅನುಸರಿಸುತ್ತಿದ್ದ ಕ್ರಮ. ನಿಮ್ಮ ಮಗ ಆ ವಯಸ್ಸನ್ನು ದಾಟಿದ್ದಾನೆ. ನನ್ನ ಬಳಿ ಬರುತ್ತಿದ್ದ ಹದಿನಾಲ್ಕರ ಹುಡುಗನೊಬ್ಬ ಡಬ್ಬಿಯ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ತಾನೇ ತಿಳಿದುಕೊಂಡ. ಎರಡು ತಿಂಗಳು ಮಾತ್ರೆಗಳನ್ನು ಒಂದೊಂದಾಗಿ ಚರಂಡಿಗೆ ಎಸೆದ. ಕೇಳಿದಾಗ ಅವನು ಕಾಯಿಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. 'ಅವ್ವ ಇಷ್ಟು ವರ್ಷ ಸುಳ್ಳು ಹೇಳಿದಳು' ಎಂದು ಅತ್ತ. ನಿಮ್ಮ ಮಗನಿಗೆ ಈ ವಿಷಯ ನಿಮ್ಮ ಬಾಯಿಂದಲೇ ಗೊತ್ತಾಗಬೇಕು.

ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರಿಗೆ ಮೊದಲೇ ತಿಳಿಸಿ, ಅವರು ಜೊತೆಗಿರಲಿ. ಶಾಲೆಗೆ ರಜೆಯಿರುವ ದಿನ ನೋಡಿ. ಪರೀಕ್ಷೆಯ ಹಿಂದಿನ ದಿನ, ಹಬ್ಬದ ದಿನ ಬೇಡ. 'ನನಗೂ ಇದೆ, ನಾನೂ ಇದೇ ಮಾತ್ರೆ ನುಂಗುತ್ತೇನೆ' ಎಂಬುದನ್ನು ಮೊದಲು ಹೇಳಿ, ಆಮೇಲೆ ಅವನದನ್ನು. ಅವನು ಅಪ್ಪನ ಬಗ್ಗೆ ಕೇಳಿದರೆ ಗೊತ್ತಿರುವಷ್ಟನ್ನು ಹೇಳಿ, ಸತ್ತವರ ಮೇಲೆ ಸಿಟ್ಟು ಸುರಿಯಬೇಡಿ. ಅವನು ಎದ್ದು ಹೋಗಬಹುದು, ಎರಡು ದಿನ ಮಾತು ಬಿಡಬಹುದು. ಬಿಡಲಿ. ಊಟ ಬಡಿಸಿಡಿ. ಮಾತ್ರೆಯ ಹೊತ್ತಿಗೆ ಇಬ್ಬರ ಮಾತ್ರೆಯನ್ನೂ ಒಂದೇ ತಟ್ಟೆಯಲ್ಲಿಟ್ಟು ನೀರು ತಂದುಕೊಡಿ. ಅವನು ಓದಬಹುದು, ಕೆಲಸ ಮಾಡಬಹುದು, ಮುಂದೆ ಮದುವೆಯಾಗಿ ಸೋಂಕಿಲ್ಲದ ಮಕ್ಕಳನ್ನೂ ಪಡೆಯಬಹುದು. ಇದನ್ನು ಅಂದೇ ಹೇಳಿಬಿಡಿ. ಹದಿಮೂರರ ಹುಡುಗನ ಮನಸ್ಸಿನಲ್ಲಿ ಆ ಪ್ರಶ್ನೆ ಇರುತ್ತದೆ, ಬಾಯಿಂದ ಬರುವುದಿಲ್ಲ.

ಶಾಲೆಗೆ ತಿಳಿಸಬೇಕಾದ ಅಗತ್ಯವಿಲ್ಲ, ಸೋಂಕಿನ ಕಾರಣಕ್ಕೆ ಯಾವ ಶಾಲೆಯೂ ಅವನನ್ನು ಹೊರಗಿಡುವಂತಿಲ್ಲ. ವಿಧವಾ ವೇತನ ಬರುತ್ತಿದೆಯೇ ಎಂದು ನೀವು ಬರೆದಿಲ್ಲ. ಬರದಿದ್ದರೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಸೋಂಕಿತ ಮಕ್ಕಳಿಗಾಗಿ ಇರುವ ವಿಶೇಷ ಪಾಲನಾ ಯೋಜನೆಯ ಬಗ್ಗೆ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ಪ್ರಶ್ನೆ: ಮಂಡಕ್ಕಿ ಭಟ್ಟಿಯಲ್ಲಿ ನನ್ನ ಜೊತೆ ಕೆಲಸ ಮಾಡುವವಳು ಮೊನ್ನೆ ಅಳುತ್ತ ತನಗೆ ಎಚ್‌ಐವಿ ಇದೆ ಎಂದು ಹೇಳಿದಳು. ಅವಳಿಗೆ ಎಂಟು ತಿಂಗಳ ಮಗಳಿದ್ದಾಳೆ. ನಾನು ಏನೂ ಹೇಳಲಾಗದೆ ಸುಮ್ಮನೆ ಕುಳಿತೆ. ಓದು ಬರಹ ಹೆಚ್ಚು ಗೊತ್ತಿಲ್ಲ, ಈ ಪತ್ರವನ್ನು ಮಗಳಿಂದ ಬರೆಸಿದ್ದೇನೆ. ಅವಳಿಗೆ ನಾನು ಏನು ಮಾಡಲಿ?
— ದಾವಣಗೆರೆ

ಉತ್ತರ: ಸುಮ್ಮನೆ ಕುಳಿತಿರಲ್ಲ, ಎದ್ದು ಹೋಗಲಿಲ್ಲವಲ್ಲ, ಅದನ್ನೇ ಅವಳು ನೆನಪಿಟ್ಟುಕೊಂಡಿರುತ್ತಾಳೆ. ಜಗಳೂರಿನ ತಂಗಿಗೆ 'ಒಬ್ಬರಿಗೆ ಹೇಳು' ಎಂದೆನಲ್ಲ, ಈ ಹೆಣ್ಣುಮಗಳು ಆ ಒಬ್ಬರನ್ನು ಹುಡುಕಿಕೊಂಡಿದ್ದಾಳೆ. ಹೇಗೆ ಬಂತು ಎಂದು ಕೇಳಬೇಡಿ. ಪತ್ರ ಬರೆದ ನಿಮ್ಮ ಮಗಳಿಗೆ ಅವಳ ಹೆಸರು ಗೊತ್ತಾಗಿದ್ದರೆ, ಅದು ನಿಮ್ಮಿಬ್ಬರಲ್ಲೇ ಉಳಿಯಲಿ.

ಮತ್ತೆ ಅತ್ತರೆ ಅಳಲು ಬಿಡಿ. ಅವಳಂಥದೇ ಇನ್ನೊಬ್ಬ ತಾಯಿಯನ್ನು ನೋಡಬೇಕೆಂಬ ಆಸೆ ಅವಳಿಗಿದ್ದರೆ, ಸೋಂಕಿತರೇ ಕಟ್ಟಿಕೊಂಡ ಸಂಘಗಳು ಜಿಲ್ಲೆಗಳಲ್ಲಿವೆ. ಎಆರ್‌ಟಿ ಕೇಂದ್ರದಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. 1097ಕ್ಕೆ ಕರೆ ಮಾಡಿದರೂ ತಿಳಿಯುತ್ತದೆ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಹೆಸರು ಹೇಳಬೇಕಾಗಿಲ್ಲ.

ಇನ್ನೊಂದು ಉಪಕಾರ ನಿಮ್ಮಿಂದ ಆಗುತ್ತದೆ. ಮಾತ್ರೆಯ ದಿನ ಅವಳು ಭಟ್ಟಿಗೆ ರಜೆ ಹಾಕಬೇಕು, ಸರದಿಯಲ್ಲಿ ನಿಲ್ಲಬೇಕು, ರಕ್ತ ಕೊಡಬೇಕು, ಕಂಕುಳಲ್ಲಿ ಮಗು. ರಕ್ತ ತೆಗೆಯುವಾಗ ಮಗುವನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಸಾಲಿನಲ್ಲಿದ್ದ ಅಪರಿಚಿತರ ಕಡೆ ನೋಡುತ್ತಿದ್ದ ತಾಯಂದಿರನ್ನು ದಿನವೂ ನೋಡಿದ್ದೇನೆ. ಎಷ್ಟೋ ಸಲ ನಾನೇ ಎತ್ತಿಕೊಂಡಿದ್ದೇನೆ. ಮುಂದಿನ ಸಲ ಯಾವ ದಿನಕ್ಕೆ ಕರೆದಿದ್ದಾರೆ ಎಂದು ಕೇಳಿಟ್ಟುಕೊಳ್ಳಿ. ಅಂದು ನೀವೂ ರಜೆ ಹಾಕಿ ಹೋಗಿ, ಮಗುವನ್ನು ಎತ್ತಿಕೊಳ್ಳಿ. ಎಂಟು ತಿಂಗಳೆಂದರೆ ಅದಕ್ಕೆ ಗಂಜಿ ಶುರುವಾಗಿರುತ್ತದೆ, ಒಂದು ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ.